ಯಂತ್ರದಿಂದಿಳಿದ ದೇವತೆ: ಒಂದು ಲ್ಯಾಟಿನ್ ನುಡಿಯ ಅರ್ಥವಿಚಾರ

೧

ಇಂಗ್ಲಿಷ್ ಭಾಷೆಯು ಲ್ಯಾಟಿನ್ನಿನಿಂದ ರೂಪವನ್ನು ಬದಲಾಯಿಸದೆ ಎತ್ತಿಕೊಂಡಿರುವ ನುಡಿಗಳು ಅನೇಕ. ನ್ಯಾಯಶಾಸ್ತ್ರ, ವೈದ್ಯ, ತರ್ಕ ಮೊದಲಾದ ಶಾಸ್ತ್ರಗಳಿಗೆ ಸೇರಿದ ಇಂಥ ನುಡಿಗಳು ಒಂದೊಂದು ನಿಶ್ಚಿತವಾದ ಅರ್ಥದಲ್ಲಿ ನೆಲೆನಿಂತಿವೆ. ಸಾಹಿತ್ಯ ವಿಮರ್ಶೆಗೆ ಬಂದ ನುಡಿಗಳಲ್ಲಿ ಮಾತ್ರ ಆ ನಿಶ್ಚಯವು ಅಷ್ಟಾಗಿ ಕಂಡುಬರುವುದಿಲ್ಲ. ‘ಡೇಯುಸ್ ಎಕ್ಸ್ ಮಾಕಿನಾ’ ಎಂಬುದು ಇದಕ್ಕೆ ತಕ್ಕ ನಿದರ್ಶನ. ಪದಶಃ ನೋಡಿದರೆ ಇದರ ಅರ್ಥ ‘ಯಂತ್ರದಿಂದ ಬಂದ ದೇವತೆ’ ಎಂದಿಷ್ಟೇ. ಇಂಗ್ಲಿಷ್ ನಿಘಂಟುಗಳು ಇದಕ್ಕೆ ಎರಡು ಅರ್ಥಗಳನ್ನು ಹೇಳುತ್ತವೆ. ಗ್ರೀಕ್ ಮತ್ತು ರೋಮನ್ ನಾಟಕಗಳಲ್ಲಿ ಕಥೆಯ ತೊಡಕನ್ನು ಬಿಡಿಸುವುದಕ್ಕಾಗಿ ಯಂತ್ರದ ಮೂಲಕ ರಂಗಕ್ಕೆ ಇಳಿಯುತ್ತಿದ್ದ ದೇವತೆ ಎಂಬುದು ಮೊದಲನೆಯದು. ಬಿಡಿಸಲಾಗದ ಇಕ್ಕಟ್ಟನ್ನು ಹೊರಗಿನಿಂದ ಹಠಾತ್ತಾಗಿ ಬಂದು, ನಂಬಲು ಕಷ್ಟವಾದ ರೀತಿಯಲ್ಲಿ ಪರಿಹರಿಸುವ ಯಾವುದೇ ವ್ಯಕ್ತಿ, ವಸ್ತು ಅಥವಾ ಘಟನೆ ಎಂಬುದು ಎರಡನೆಯದು.

ಇವೆರಡರಲ್ಲಿ ಮೊದಲನೆಯದು ವರ್ಣನೆ, ಎರಡನೆಯದು ತೀರ್ಪು. ಮೊದಲನೆಯದು ರಂಗಭೂಮಿಯ ಒಂದು ಸಲಕರಣೆಯನ್ನು ಹೆಸರಿಸುತ್ತದೆ. ಎರಡನೆಯದು ಕವಿಯ ಮೇಲೆ ಒಂದು ದೋಷವನ್ನು ಹೊರಿಸುತ್ತದೆ. ಇಂಗ್ಲಿಷ್ ಬಲ್ಲ ವಾಚಕರ ಮನಸ್ಸಿನಲ್ಲಿ ಇವೆರಡೂ ಒಂದರೊಡನೊಂದು ಬೆರೆತುಹೋಗಿರುವುದರಿಂದ, ನಾಟಕದ ಕೊನೆಯಲ್ಲಿ ದೇವತೆ ಕಾಣಿಸಿಕೊಂಡಿತೆಂದರೆ ಸಾಕು, ಕವಿ ಸೋತನೆಂಬ ಎಣಿಕೆ ತಾನಾಗಿ ಹುಟ್ಟುತ್ತದೆ. ಆ ಎಣಿಕೆಯು ಗ್ರೀಕ್ ನಾಟಕಗಳ ವಿಷಯದಲ್ಲಿಯೇ ಸರಿಯಾದುದಲ್ಲ. ಅದನ್ನು ಹೊತ್ತು ತಂದು ಸಂಸ್ಕೃತ ಕನ್ನಡ ನಾಟಕಗಳ ಮೇಲೆ ಇಳಿಸುವುದು ಮತ್ತಷ್ಟು ಅನ್ಯಾಯ. ಆದುದರಿಂದ ಈ ನುಡಿಯ ಹುಟ್ಟು, ಅದನ್ನು ಮೊದಲು ಆಡಿದವರ ಅಭಿಪ್ರಾಯ, ಇಂಗ್ಲಿಷಿನಲ್ಲಿ ಅದು ಪಡೆದ ಮಾರ್ಪಾಟು ಇವುಗಳನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಯೋಜನಕರ.

೨

ಮೊದಲು ಶಬ್ದಾರ್ಥ. ಈ ನುಡಿ ಲ್ಯಾಟಿನ್ನಿನದಾದರೂ ಅದರ ಮೂಲ ಗ್ರೀಕಿನಲ್ಲಿದೆ. ‘ಥೇಓಸ್ ಅಪೋ ಮೇಖಾನೇಸ್’ ಎಂಬುದು ಗ್ರೀಕರ ಗಾದೆ. ಲ್ಯಾಟಿನ್ ರೂಪವು ಅದರ ಅನುವಾದ. ಹದಿನಾರನೆಯ ಶತಮಾನದ ಪಂಡಿತ ಎರಾಸ್ಮಸ್ ತನ್ನ ಗಾದೆಗಳ ಮಹಾಸಂಗ್ರಹದಲ್ಲಿ ಇದೇ ಗ್ರೀಕ್ ಗಾದೆಯನ್ನು ಸೇರಿಸಿ, ‘ಅನಿರೀಕ್ಷಿತವಾಗಿ ಕಾಣಿಸಿಕೊಂಡ ದೇವತೆ’ ಎಂಬರ್ಥ ಬರುವಂತೆ ಅದನ್ನು ಲ್ಯಾಟಿನ್ನಿಗೆ ತಿರುಗಿಸಿದ್ದಾನೆ. ಅವನ ಅನುವಾದದಲ್ಲಿ ಯಂತ್ರದ ಮಾತೇ ಇಲ್ಲವೆಂಬುದು ಗಮನಿಸತಕ್ಕ ಅಂಶ. ಇಂಗ್ಲಿಷ್ ಬರೆಹಗಾರರಲ್ಲಿ ಈಗಿನ ಲ್ಯಾಟಿನ್ ರೂಪವು ಹದಿನೇಳನೆಯ ಶತಮಾನದಿಂದೀಚೆಗೆ ಬಳಕೆಗೆ ಬಂದಿತು.

ಗ್ರೀಕರ ‘ಮೇಖಾನೇ’ ಎಂಬುದು ಭಾರವನ್ನೆತ್ತುವ ಒಂದು ಸಾಧನ. ರಂಗದ ಹಿಂಬದಿಯ ಕಟ್ಟಡದ ಮರೆಯಲ್ಲಿ ನಿಲ್ಲಿಸಿದ್ದ ಉದ್ದವಾದ ತೊಲೆ. ಅದರ ತುದಿಗೆ ಹಗ್ಗದಿಂದ ನಟನನ್ನು ಕಟ್ಟಿ ಮೇಲೆತ್ತಿ ತೂಗಾಡಿಸುತ್ತಿದ್ದರು. ಬಾವಿಯ ಏತವನ್ನು ಕಂಡವರಿಗೆ ಇದರ ಕಲ್ಪನೆ ಸುಲಭವಾಗಿ ಆಗಬಹುದು. ಕ್ರಿ. ಪೂ. ೪೨೧ರಲ್ಲಿ ಪ್ರದರ್ಶಿತವಾದ ‘ಶಾಂತಿ’ ಎಂಬ ಹರ್ಷನಾಟಕದಲ್ಲಿ ಅರಿಸ್ಟೋಫನೀಸನು ಈ ಸಾಧನವನ್ನು ಹಾಸ್ಯಕ್ಕೆ ಬಳಸಿಕೊಂಡಿದ್ದಾನೆ. ಅಲ್ಲಿ ರೈತನೊಬ್ಬನು ಸಗಣಿಹುಳುವಿನ ಬೆನ್ನೇರಿ ಸ್ವರ್ಗಕ್ಕೆ ಹಾರುತ್ತಾನೆ. ನಡುದಾರಿಯಲ್ಲಿ ಹೆದರಿ, ಯಂತ್ರವನ್ನು ನಡೆಸುವವನನ್ನೇ ಕರೆದು ಜೋಕೆಯಾಗಿರೆಂದು ಬೇಡಿಕೊಳ್ಳುತ್ತಾನೆ. ರಂಗದ ಗುಟ್ಟು ಪ್ರೇಕ್ಷಕರಿಗೆಲ್ಲ ತಿಳಿದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ದೇವತೆಗಳೆಲ್ಲರೂ ಈ ತೊಲೆಯಿಂದಲೇ ಬರುತ್ತಿದ್ದರೆಂದು ಹೇಳುವಂತಿಲ್ಲ. ಕಟ್ಟಡದ ಮಾಡಿನ ಮೇಲೆ ‘ಥೇಓಲೊಗೇಯೋನ್’ ಎಂಬ, ದೇವತೆಗಳು ನಿಂತು ಮಾತನಾಡುವ ಜಗಲಿಯೊಂದಿದ್ದಿತೆಂದು ಪ್ರಾಚೀನರು ಹೇಳುತ್ತಾರೆ. ಹೀಗೆ ‘ಯಂತ್ರದಿಂದ ಬಂದ ದೇವತೆ’ ಎನ್ನುವಲ್ಲಿ ಯಂತ್ರವು ಯಾವಾಗಲೂ ಅವಶ್ಯಕವಾಗಿರಲಿಲ್ಲ.

ಲ್ಯಾಟಿನ್ನಿನ ‘ಮಾಕಿನಾ’ ಶಬ್ದದಿಂದಲೇ ಇಂಗ್ಲಿಷಿನ ‘ಮೆಷೀನ್’ ಬಂದಿದೆ. ಆ ಶಬ್ದದ ಅರ್ಥವು ಕಾಲಕ್ರಮದಲ್ಲಿ ತೊಲೆ ಹಗ್ಗಗಳಿಂದ ಉಗಿಯ ಎಂಜಿನಿಗೂ, ಅಲ್ಲಿಂದ ಗಣಕಯಂತ್ರಕ್ಕೂ ಸರಿಯಿತು. ಶಬ್ದದೊಡನೆ ನುಡಿಯ ಛಾಯೆಯೂ ಸರಿದಿದೆ. ೨೦೧೫ರಲ್ಲಿ ತೆರೆಕಂಡ, ಮನುಷ್ಯಬುದ್ಧಿಯುಳ್ಳ ಯಂತ್ರಸ್ತ್ರೀಯೊಬ್ಬಳ ಕಥೆಯುಳ್ಳ ಇಂಗ್ಲಿಷ್ ಚಿತ್ರಕ್ಕೆ ‘ಎಕ್ಸ್ ಮಾಕಿನಾ’ ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿ ದೇವತೆ ಲೋಪವಾಗಿ ಯಂತ್ರವೊಂದೇ ಉಳಿದಿದೆ. ಎರಾಸ್ಮಸನ ಅನುವಾದದಲ್ಲಿ ಯಂತ್ರ ಹೋಗಿ ದೇವತೆ ಉಳಿದಿತ್ತು. ನುಡಿಯ ಎರಡು ಅಂಗಗಳೂ ಒಂದನ್ನೊಂದು ಬಿಟ್ಟು ಬಾಳಬಲ್ಲವೆಂಬುದು ಇದರಿಂದ ಗೊತ್ತಾಗುತ್ತದೆ.

೩

ಇನ್ನು ಪ್ರಾಚೀನರ ಅಭಿಪ್ರಾಯ. ಈ ನುಡಿಯನ್ನು ದೂಷಣೆಗಾಗಿ ಬಳಸಿದವರಲ್ಲಿ ಆಧುನಿಕರು ಮೊದಲಿಗರಲ್ಲ. ಪ್ಲೇಟೋವಿನ ‘ಕ್ರಾಟಿಲಸ್’ ಸಂವಾದದಲ್ಲಿ ಸಾಕ್ರಟೀಸನು ಶಬ್ದಗಳ ಮೂಲವನ್ನು ವಿಚಾರಿಸುತ್ತ, ಮೊದಲ ಹೆಸರುಗಳನ್ನು ದೇವತೆಗಳೇ ಇಟ್ಟರೆಂದು ಹೇಳಿ ತಪ್ಪಿಸಿಕೊಳ್ಳುವುದು, ದಿಕ್ಕುಗಾಣದ ರುದ್ರನಾಟಕ ಕವಿಗಳು ಯಂತ್ರದ ದೇವತೆಗಳನ್ನು ಆಶ್ರಯಿಸುವುದಕ್ಕೆ ಸಮಾನವೆನ್ನುತ್ತಾನೆ. ಹರ್ಷನಾಟಕಗಳ ಕವಿ ಆಂಟಿಫನೀಸನು, ರುದ್ರನಾಟಕಕಾರರಿಗೆ ಮುಂದೇನು ಹೇಳಲೂ ತೋರದಿದ್ದಾಗ, ಸೋತ ಜಟ್ಟಿ ಬೆರಳೆತ್ತುವಂತೆ ಅವರು ಯಂತ್ರವನ್ನೆತ್ತುತ್ತಾರೆಂದು ಹಾಸ್ಯಮಾಡಿದ್ದಾನೆ. ಡೆಮಾಸ್ಥೆನೀಸನ ಹೆಸರಿನಲ್ಲಿ ಬಂದಿರುವ ಒಂದು ನ್ಯಾಯಾಲಯದ ಭಾಷಣದಲ್ಲಿ, ಎದುರುಪಕ್ಷದವರಿಗೆ ಅನುಕೂಲವಾಗಿ ತಟಕ್ಕನೆ ಒದಗಿದ ಸಾಕ್ಷಿಯೊಬ್ಬನು ಯಂತ್ರದಿಂದಿಳಿದವನಂತೆ ಬಂದನೆಂಬ ಮಾತಿದೆ. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿಯೇ ಈ ನುಡಿ ರಂಗಭೂಮಿಯನ್ನು ಬಿಟ್ಟು ಬೀದಿಗೆ ಬಂದಿತ್ತೆಂದಾಯಿತು. ರೋಮಿನಲ್ಲಿ ಕಿಕೆರೋ ರಚಿಸಿದ ದೇವತಾಸ್ವರೂಪವಿಚಾರದ ಗ್ರಂಥದಲ್ಲಿಯೂ, ಕಥೆಯನ್ನು ಮುಗಿಸಲಾರದ ಕವಿಗಳಂತೆ ಸ್ಟೋಯಿಕರು ಜಗತ್ತಿನ ರಚನೆಗೆ ದೇವರನ್ನು ಕರೆತರುತ್ತಾರೆಂದು ಎಪಿಕ್ಯೂರಿಯನ್ ಮತದವನೊಬ್ಬನು ಆಕ್ಷೇಪಿಸುತ್ತಾನೆ.

ಇವೆಲ್ಲವೂ ಹಾಸ್ಯದ ಅಥವಾ ವಾದದ ಸಂದರ್ಭದಲ್ಲಿ ಬಂದ ಮಾತುಗಳು. ಇಲ್ಲಿ ನಾಟಕವು ದೃಷ್ಟಾಂತ ಮಾತ್ರ. ವಿಚಾರಣೆಗೊಳಗಾಗಿರುವುದು ಬೇರೊಂದು ವಿಷಯ. ನಾಟಕವನ್ನೇ ವಿಚಾರಣೆಗೆ ತೆಗೆದುಕೊಂಡವನು ಅರಿಸ್ಟಾಟಲ್. ‘ಕಾವ್ಯಮೀಮಾಂಸೆ’ಯ ಹದಿನೈದನೆಯ ಅಧ್ಯಾಯದಲ್ಲಿ ಅವನು ಹೇಳುವುದು ಇಷ್ಟು: ಕಥೆಯ ಗಂಟು ಬಿಚ್ಚಿಕೊಳ್ಳುವುದು ಕಥೆಯಿಂದಲೇ ಆಗಬೇಕು, ಯಂತ್ರದಿಂದ ಆಗಬಾರದು, ಯಂತ್ರವನ್ನು ನಾಟಕದ ಹೊರಗಿನ ಸಂಗತಿಗಳಿಗೆ, ಎಂದರೆ ಮನುಷ್ಯರು ತಿಳಿಯಲಾರದ ಹಿಂದಿನ ವೃತ್ತಾಂತಕ್ಕೂ ಮುಂದೆ ನಡೆಯುವುದನ್ನು ನುಡಿಯುವುದಕ್ಕೂ ಬಳಸಬಹುದು.

ಈ ಮಾತಿನಲ್ಲಿ ಎರಡು ಅಂಶಗಳನ್ನು ವಿಮರ್ಶಕರು ಸಾಮಾನ್ಯವಾಗಿ ಗಮನಿಸದೆ ಬಿಡುತ್ತಾರೆ. ಮೊದಲನೆಯದಾಗಿ, ಅರಿಸ್ಟಾಟಲ್ ದೇವತೆಗಳ ಪ್ರವೇಶವನ್ನು ನಿಷೇಧಿಸಲಿಲ್ಲ. ಅವರಿಗೆ ಒಂದು ಕೆಲಸವನ್ನು ಗೊತ್ತುಮಾಡಿದನು. ಎರಡನೆಯದಾಗಿ, ಅವನು ಕೊಡುವ ಉದಾಹರಣೆಗಳು ನಿಘಂಟಿನ ಅರ್ಥಕ್ಕೆ ಹೊಂದುವುದೇ ಇಲ್ಲ. ಒಂದು, ಕ್ರಿ. ಪೂ. ೪೩೧ರ ಯೂರಿಪಿಡೀಸನ ‘ಮೀಡಿಯಾ’ ನಾಟಕದ ಕೊನೆ. ಇನ್ನೊಂದು, ‘ಇಲಿಯಡ್’ ಕಾವ್ಯದ ಎರಡನೆಯ ಸರ್ಗದಲ್ಲಿ ಗ್ರೀಕರ ಸೈನ್ಯವು ಊರಿಗೆ ಮರಳಲು ಹಡಗುಗಳತ್ತ ಓಡುವಾಗ ಅಥೀನಾ ದೇವಿಯ ಪ್ರೇರಣೆಯಿಂದ ಅದು ನಿಲ್ಲುವ ಪ್ರಸಂಗ. ಮೀಡಿಯಾಳ ನಾಟಕದಲ್ಲಿ ಯಾವ ದೇವತೆಯೂ ಇಳಿದು ಬರುವುದಿಲ್ಲ. ಮಕ್ಕಳನ್ನು ಕೊಂದ ಮೀಡಿಯಾ ತಾನೇ ತನ್ನ ತಾತನಾದ ಸೂರ್ಯನ ರಥವನ್ನೇರಿ ಹೊರಟುಹೋಗುತ್ತಾಳೆ. ಹೋಮರನ ಕಾವ್ಯದಲ್ಲಿ ದೇವತೆಯುಂಟು. ಆದರೆ ಅಲ್ಲಿ ರಂಗವೂ ಇಲ್ಲ, ತೊಲೆಯೂ ಇಲ್ಲ, ಪ್ರಸಂಗವು ಕಥೆಯ ಕೊನೆಯಲ್ಲಿಯೂ ಇಲ್ಲ. ಒಂದರಲ್ಲಿ ಯಂತ್ರವಿದ್ದು ದೇವತೆಯಿಲ್ಲ, ಇನ್ನೊಂದರಲ್ಲಿ ದೇವತೆಯಿದ್ದು ಯಂತ್ರವಿಲ್ಲ. ಆದುದರಿಂದ ಅರಿಸ್ಟಾಟಲನ ಆಕ್ಷೇಪವು ದೇವತೆಯ ಮೇಲೂ ಅಲ್ಲ, ಯಂತ್ರದ ಮೇಲೂ ಅಲ್ಲ; ಹಿಂದಿನದರಿಂದ ಹುಟ್ಟದ ಮುಂದಿನದರ ಮೇಲೆ ಎಂಬುದು ಸ್ಪಷ್ಟ.

ಮೀಡಿಯಾಳ ರಥದ ವಿಷಯದಲ್ಲಿ ಈ ಆಕ್ಷೇಪ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದು ಬೇರೆ ಪ್ರಶ್ನೆ. ತಾನು ಸೂರ್ಯನ ಮೊಮ್ಮಗಳೆಂಬುದನ್ನು ಮೀಡಿಯಾ ಮೊದಲೇ ಹೇಳಿಕೊಂಡಿದ್ದಾಳೆ. ಸವತಿಯನ್ನು ಸುಟ್ಟ ಉಡುಗೆಯೂ ಸೂರ್ಯನಿಂದಲೇ ಬಂದದ್ದು. ಸೂರ್ಯನ ಉಡುಗೊರೆಯೊಂದನ್ನು ಕೊಲೆಗೆ ಬಳಸಿದವಳು ಇನ್ನೊಂದನ್ನು ಪಲಾಯನಕ್ಕೆ ಬಳಸಿದರೆ, ಅದಕ್ಕೆ ಕಥೆಯಲ್ಲಿ ಬೇರೇ ಇಲ್ಲವೆಂದು ಹೇಳುವುದು ಕಷ್ಟ. ಅರಿಸ್ಟಾಟಲನ ತತ್ತ್ವವನ್ನು ಒಪ್ಪಿಯೂ ಅವನ ಉದಾಹರಣೆಯನ್ನು ಒಪ್ಪದಿರಬಹುದು. ತತ್ತ್ವವು ಮುಖ್ಯ, ಅದು ವಿಮರ್ಶಕನಿಗೆ ಒಂದು ಪ್ರಶ್ನೆಯನ್ನು ಕೊಡುತ್ತದೆ, ಉತ್ತರವನ್ನಲ್ಲ.

೪

ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು, ಕೊನೆಯಲ್ಲಿ ದೇವತೆ ಬರುವ ಮೂರು ನಾಟಕಗಳನ್ನು ನೋಡಬಹುದು.

ಯೂರಿಪಿಡೀಸನ ‘ಟಾರಿಯರ ನಾಡಿನಲ್ಲಿ ಇಫಿಜೀನಿಯಾ’ ಎಂಬ ನಾಟಕದಲ್ಲಿ ಅಕ್ಕ ಇಫಿಜೀನಿಯಾ, ತಮ್ಮ ಒರೆಸ್ಟೀಸ್, ಅವನ ಗೆಳೆಯ ಪಿಲಡೀಸ್ ಈ ಮೂವರೂ ಪರದೇಶದ ದೊರೆ ಥೋಯಾಸನನ್ನು ವಂಚಿಸಿ, ಆರ್ಟೆಮಿಸ್ ದೇವಿಯ ವಿಗ್ರಹದೊಡನೆ ಹಡಗನ್ನು ಹತ್ತುತ್ತಾರೆ. ಉಪಾಯವು ಫಲಿಸಿದೆ, ಹಡಗು ಬಂದರಿನ ಬಾಯಿಯವರೆಗೆ ಸಾಗಿದೆ. ಆಗ ಗಾಳಿಯೂ ಅಲೆಯೂ ಅದನ್ನು ಮತ್ತೆ ದಡದತ್ತ ನೂಕುತ್ತವೆ. ದೊರೆ ಅವರನ್ನು ಹಿಡಿಯಲು ಆಳುಗಳನ್ನು ಕಳುಹಿಸುವಷ್ಟರಲ್ಲಿ ಅಥೀನಾ ಪ್ರತ್ಯಕ್ಷಳಾಗಿ ಅವನನ್ನು ತಡೆಯುತ್ತಾಳೆ. ಕವಿಗೆ ಕಥೆಯನ್ನು ಮುಗಿಸುವ ದಾರಿ ಕಾಣದೆ ದೇವತೆಯನ್ನು ಕರೆದನೆಂಬ ಮಾತು ಇಲ್ಲಿ ಸಲ್ಲದು. ಆ ಒಂದು ಅಲೆ ಏಳದಿದ್ದರೆ ಕಥೆ ಮುಗಿದೇ ಇತ್ತು. ಗಂಟನ್ನು ಬಿಡಿಸುವುದಕ್ಕೆ ದೇವತೆ ಬರಲಿಲ್ಲ. ದೇವತೆ ಬರಲೆಂದು ಕವಿ ಗಂಟನ್ನು ಹಾಕಿದನು.

ಹಾಗೇಕೆ ಮಾಡಿದನೆಂಬುದಕ್ಕೆ ಅಥೀನಾಳ ಮಾತಿನಲ್ಲಿಯೇ ಉತ್ತರವಿದೆ. ವಿಗ್ರಹವನ್ನು ಆಟಿಕಾ ದೇಶದ ಹಾಲೈ ಎಂಬಲ್ಲಿ ಪ್ರತಿಷ್ಠಿಸಬೇಕೆಂದೂ, ಇಫಿಜೀನಿಯಾ ಬ್ರೌರೋನಿನಲ್ಲಿ ಪೂಜಾರಿಣಿಯಾಗಿರಬೇಕೆಂದೂ ಅವಳು ಆಜ್ಞಾಪಿಸುತ್ತಾಳೆ. ಇವೆರಡೂ ಅಥೆನ್ಸಿನ ಪ್ರೇಕ್ಷಕರು ಕಂಡು ನಡೆದುಕೊಳ್ಳುತ್ತಿದ್ದ ಕ್ಷೇತ್ರಗಳು. ಪುರಾಣದ ಕಾಲವನ್ನು ಪ್ರೇಕ್ಷಕರ ಕಾಲಕ್ಕೆ ಹೊಂದಿಸುವುದು, ಕ್ಷೇತ್ರಮಾಹಾತ್ಮ್ಯವನ್ನು ಹೇಳುವುದು ಇಲ್ಲಿ ದೇವತೆಯ ಕಾರ್ಯ. ಅರಿಸ್ಟಾಟಲ್ ಯಂತ್ರಕ್ಕೆ ಬಿಟ್ಟುಕೊಟ್ಟ ಕಾರ್ಯವೇ ಇದು. ಅದಲ್ಲದೆ ಮತ್ತೊಂದು ವಿಷಯವುಂಟು. ಮೇಳದವರು ಸೆರೆಸಿಕ್ಕ ಗ್ರೀಕ್ ಹೆಂಗಸರು. ತಮ್ಮ ಮೌನದಿಂದ ಈ ಪಲಾಯನಕ್ಕೆ ನೆರವಾದವರು ಅವರೇ. ಅಲೆಯೇಳದೆ ಹಡಗು ಸಾಗಿಹೋಗಿದ್ದರೆ ಆ ಹೆಂಗಸರು ಮೋಸಹೋದ ದೊರೆಯ ಕೋಪಕ್ಕೆ ತುತ್ತಾಗಿ ದಡದಲ್ಲಿಯೇ ಉಳಿಯುತ್ತಿದ್ದರು. ಅವರನ್ನೂ ಊರಿಗೆ ಕಳುಹಿಸಬೇಕೆಂದು ಅಥೀನಾ ವಿಧಿಸುತ್ತಾಳೆ. ನಾಯಕರು ಮರೆತು ಹೊರಟವರನ್ನು ದೇವತೆ ನೆನೆದಳು. ಇದನ್ನು ಕವಿಯ ಸೋಲೆಂದು ಕರೆಯುವ ವಿಮರ್ಶಕನು ಮೇಳದವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲವೆಂದು ಹೇಳಬೇಕು.

ಸಾಫೊಕ್ಲೀಸನ ‘ಫಿಲೊಕ್ಟೀಟೀಸ್’ ಕ್ರಿ. ಪೂ. ೪೦೯ರದು. ಗಾಯದ ದುರ್ಗಂಧಕ್ಕಾಗಿ ಜೊತೆಗಾರರಿಂದ ಲೆಮ್ನೋಸ್ ದ್ವೀಪದಲ್ಲಿ ತ್ಯಕ್ತನಾದ ಫಿಲೊಕ್ಟೀಟೀಸನ ಬಿಲ್ಲು ಇಲ್ಲದೆ ಟ್ರಾಯ್ ನಗರವು ಬೀಳದು. ಅವನನ್ನು ವಂಚಿಸಿ ಕರೆತರಲು ಬಂದ ತರುಣ ನಿಯೊಪ್ಟಾಲೆಮಸನು ಕೊನೆಗೆ ತನ್ನ ಸುಳ್ಳಿಗೆ ತಾನೇ ನಾಚಿ, ಬಿಲ್ಲನ್ನು ಹಿಂದಕ್ಕೆ ಕೊಟ್ಟು, ಅವನನ್ನು ಊರಿಗೇ ಕರೆದೊಯ್ಯಲು ಒಪ್ಪುತ್ತಾನೆ. ಇಬ್ಬರೂ ಹೆಜ್ಜೆಯಿಡುತ್ತಾರೆ. ಮನುಷ್ಯಸ್ವಭಾವದ ದೃಷ್ಟಿಯಿಂದ ನಾಟಕ ಅಲ್ಲಿಗೆ ಪೂರ್ಣವಾಯಿತು. ಆಗ ಹೆರಾಕ್ಲೀಸ್ ಮೇಲೆ ಕಾಣಿಸಿಕೊಂಡು ಅವರನ್ನು ಟ್ರಾಯಿಗೆ ತಿರುಗಿಸುತ್ತಾನೆ. ಇಲ್ಲಿ ದೇವತೆ ಮಾಡಿದ್ದು ಗಂಟನ್ನು ಬಿಡಿಸುವ ಕೆಲಸವಲ್ಲ, ಬಿಚ್ಚಿದ ಗಂಟನ್ನು ಮತ್ತೆ ಕಟ್ಟುವ ಕೆಲಸ. ನಿಘಂಟಿನ ಅರ್ಥಕ್ಕೆ ಇದು ತದ್ವಿರುದ್ಧ. ಅದರಲ್ಲಿಯೂ ಹೆರಾಕ್ಲೀಸ್ ಹೊರಗಿನವನಲ್ಲ. ಕಥೆಯ ಕೇಂದ್ರವಾದ ಬಿಲ್ಲು ಅವನದು; ಅವನ ಚಿತೆಗೆ ಬೆಂಕಿಯಿಟ್ಟ ಉಪಕಾರಕ್ಕಾಗಿ ಫಿಲೊಕ್ಟೀಟೀಸನು ಅದನ್ನು ಪಡೆದಿದ್ದನು. ಮನುಷ್ಯನ ಮಾತಿಗೆ, ಅದು ಸುಳ್ಳಾಗಲಿ ನಿಜವಾಗಲಿ, ಬಗ್ಗದವನು ಬಿಲ್ಲಿನ ಒಡೆಯನ ಮಾತಿಗೆ ಬಗ್ಗಿದನು. ಗೆಳೆತನದ ಋಣವೊಂದೇ ಅವನನ್ನು ತಿರುಗಿಸಬಲ್ಲ ಶಕ್ತಿಯೆಂದು ಕವಿ ತೋರಿಸಿದ್ದಾನೆ.

ಮೂರನೆಯದು ಕ್ರಿ. ಪೂ. ೪೦೮ರಲ್ಲಿ ಆಡಿದ ಯೂರಿಪಿಡೀಸನ ‘ಒರೆಸ್ಟೀಸ್’. ತಾಯಿಯನ್ನು ಕೊಂದ ಒರೆಸ್ಟೀಸನು ಸಾವಿನ ಶಿಕ್ಷೆಗೆ ಗುರಿಯಾಗಿ, ಅರಮನೆಯ ಮಾಡಿನ ಮೇಲೆ ನಿಂತು, ಹರ್ಮಯೋನಿಯೆಂಬ ಕನ್ಯೆಯ ಕೊರಳಿಗೆ ಕತ್ತಿ ಹಿಡಿದಿದ್ದಾನೆ. ಮನೆಗೆ ಬೆಂಕಿಯಿಡಲು ಪಂಜುಗಳು ಸಿದ್ಧವಾಗಿವೆ. ಕೆಳಗೆ ಅವಳ ತಂದೆ ಮೆನೆಲೇಯಸ್ ಅಸಹಾಯನಾಗಿ ನಿಂತಿದ್ದಾನೆ. ಅಪೊಲೊ ಬಂದು ಎಲ್ಲರನ್ನೂ ಸಮಾಧಾನಪಡಿಸಿ, ಕತ್ತಿ ಹಿಡಿದವನು ಆ ಕನ್ಯೆಯನ್ನೇ ಮದುವೆಯಾಗಲೆಂದು ಅಪ್ಪಣೆ ಕೊಡುತ್ತಾನೆ. ನಿಘಂಟಿನ ಅರ್ಥಕ್ಕೆ ನಿಜವಾಗಿ ಒಪ್ಪುವ ನಾಟಕ ಈ ಮೂರರಲ್ಲಿ ಇದೊಂದೇ. ಆದರೂ ಇದು ಕವಿಯ ಅಶಕ್ತಿಯೋ ಅಥವಾ ಅವನ ಉದ್ದೇಶವೋ ಎಂಬುದು ವಿಚಾರಾರ್ಹ. ಮಾತೃಹತ್ಯೆಗೆ ಅಪ್ಪಣೆಯಿತ್ತವನು ಈ ಅಪೊಲೊವೇ. ನಾಟಕದುದ್ದಕ್ಕೂ ಪಾತ್ರಗಳು ಅವನನ್ನು ದೂರುತ್ತಿವೆ. ಕೊನೆಯ ಗಳಿಗೆಯಲ್ಲಿ ಅವನು ಬಂದು ಎಲ್ಲವೂ ನೆಟ್ಟಗಾಯಿತೆಂದು ಸಾರಿದಾಗ, ಪ್ರೇಕ್ಷಕನಿಗೆ ಸಮಾಧಾನಕ್ಕಿಂತ ಹೆಚ್ಚಾಗಿ ಸಂದೇಹವೇ ಉಳಿಯುತ್ತದೆ. ಕೇಂಬ್ರಿಡ್ಜಿನ ವಿದ್ವಾಂಸ ವೆರಾಲ್ ೧೮೯೫ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಯೂರಿಪಿಡೀಸನು ಇಂಥ ದೇವತೆಗಳನ್ನು ಅಣಕಕ್ಕಾಗಿಯೇ ರಂಗಕ್ಕೆ ತಂದನೆಂದು ವಾದಿಸಿದನು. ಎಲ್ಲ ನಾಟಕಗಳಿಗೂ ಆ ವಾದವನ್ನು ಹಬ್ಬಿಸಿದುದು ಅತಿಯಾಯಿತು. ‘ಇಫಿಜೀನಿಯಾ’ದ ಅಥೀನಾಳಲ್ಲಿ ಅಣಕವನ್ನು ಕಾಣುವುದು ಸಾಹಸವೇ ಸರಿ. ಆದರೆ ‘ಒರೆಸ್ಟೀಸ್’ ನಾಟಕದ ಮಟ್ಟಿಗೆ ಅದನ್ನು ಸುಲಭವಾಗಿ ತಳ್ಳಿಹಾಕಲಾಗುವುದಿಲ್ಲ.

ಹೀಗೆ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಕಾರ್ಯಗಳು ಅಡಗಿವೆ: ಕಥೆಗೆ ಮುದ್ರೆಯೊತ್ತುವುದು, ಮುಗಿದ ಕಥೆಯನ್ನು ತಿರುಗಿಸುವುದು, ಮುಗಿಯಲಾರದ ಕಥೆಯನ್ನು ಕತ್ತರಿಸಿ ತೋರಿಸುವುದು. ‘ಡೇಯುಸ್ ಎಕ್ಸ್ ಮಾಕಿನಾ’ ಎಂದು ಹೇಳಿ ಸುಮ್ಮನಾಗುವ ವಿಮರ್ಶಕನು ಈ ಮೂರನ್ನೂ ಬೇರ್ಪಡಿಸುವ ಶ್ರಮದಿಂದ ತಪ್ಪಿಸಿಕೊಳ್ಳುತ್ತಾನೆ.

೫

ಇಂಗ್ಲಿಷ್ ವಿಮರ್ಶೆಗೆ ಈ ವಿಚಾರವು ಬಂದದ್ದು ಅರಿಸ್ಟಾಟಲನಿಗಿಂತ ಹೆಚ್ಚಾಗಿ ಹೊರೇಸನ ಮೂಲಕ. ರೋಮಿನ ಈ ಕವಿ ತನ್ನ ‘ಕಾವ್ಯಕಲೆ’ ಎಂಬ ಪತ್ರದಲ್ಲಿ, ಅಂಥ ರಕ್ಷಕನಿಗೆ ಯೋಗ್ಯವಾದ ಗಂಟು ಬಿದ್ದಹೊರತು ದೇವತೆಯನ್ನು ನಡುವೆ ತರಬಾರದೆಂದು ವಿಧಿಸಿದ್ದಾನೆ. ಅಲ್ಲಿ ಅವನು ಬಳಸಿರುವ ‘ವಿಂಡೆಕ್ಸ್’ ಎಂಬ ಶಬ್ದ ರೋಮನ್ ನ್ಯಾಯಶಾಸ್ತ್ರದ್ದು. ಸಿಕ್ಕಿಬಿದ್ದವನ ಪರವಾಗಿ ನಿಂತು ಹೊಣೆಹೊರುವವನು ಎಂದು ಅದರ ಅರ್ಥ. ಅರಿಸ್ಟಾಟಲ್ ಕೇಳಿದ್ದು ‘ಇದು ಹಿಂದಿನದರಿಂದ ಹುಟ್ಟಿತೆ?’ ಎಂದು, ಹೊರೇಸ್ ಕೇಳುವುದು ‘ಇದು ಅಷ್ಟು ದೊಡ್ಡ ಕಷ್ಟವೆ?’ ಎಂದು. ಮೊದಲನೆಯದು ಕಾರ್ಯಕಾರಣಗಳ ಪ್ರಶ್ನೆ, ಎರಡನೆಯದು ಔಚಿತ್ಯದ ಪ್ರಶ್ನೆ. ಕಷ್ಟವು ಎಷ್ಟೇ ದೊಡ್ಡದಾದರೂ ಬೇರಿಲ್ಲದ ಪರಿಹಾರವನ್ನು ಅರಿಸ್ಟಾಟಲ್ ಒಪ್ಪನು. ಬೇರಿದ್ದರೂ ಅಲ್ಪಕಾರ್ಯಕ್ಕೆ ದೇವರನ್ನು ಕರೆಯುವುದನ್ನು ಹೊರೇಸ್ ಒಪ್ಪನು. ಇಂಗ್ಲಿಷ್ ವಿಮರ್ಶೆಯಲ್ಲಿ ಈ ಎರಡು ಪ್ರಶ್ನೆಗಳೂ ಬೆರೆತುಹೋಗಿ, ಎರಡರ ಸೂಕ್ಷ್ಮವೂ ಮಂಕಾಯಿತು.

ಆದರೆ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕವಿಗಳಿಗೆ ಈ ಸೂಕ್ಷ್ಮ ತಿಳಿದಿತ್ತು. ಮಹಾಕಾವ್ಯದಲ್ಲಿ ದೇವತೆಗಳೂ ಭೂತಗಳೂ ವಹಿಸುವ ಪಾತ್ರಕ್ಕೆ ಅಂದಿನ ವಿಮರ್ಶಕರು ‘ಮೆಷಿನರಿ’ ಎಂದೇ ಪಾರಿಭಾಷಿಕ ನಾಮವನ್ನಿಟ್ಟಿದ್ದರು. ಪೋಪನು ‘ದಿ ರೇಪ್ ಆಫ್ ದಿ ಲಾಕ್’ ಕಾವ್ಯದ ಅರ್ಪಣಪತ್ರದಲ್ಲಿ ಅದನ್ನು ವಿವರಿಸಿದ್ದಾನೆ. ೧೭೧೨ರ ಮೊದಲ ಆವೃತ್ತಿಯಲ್ಲಿ ಗಾಳಿಯ ಯಕ್ಷರಿರಲಿಲ್ಲ. ೧೭೧೪ರಲ್ಲಿ ಅವರನ್ನು ಸೇರಿಸಿದನು. ಸೇರಿಸಿದ ಮೇಲೂ ಸುಂದರಿಯ ಕುರುಳು ಉಳಿಯಲಿಲ್ಲ. ರಕ್ಷಿಸಲಾರದ ದೇವತೆಗಳನ್ನು ತಂದು ಹಾಸ್ಯವನ್ನು ಸಾಧಿಸಿದ್ದೇ ಪೋಪನ ಚಮತ್ಕಾರ. ಗೇ ಕವಿಯ ‘ದಿ ಬೆಗರ್ಸ್ ಆಪೆರಾ’ ೧೭೨೮ರಲ್ಲಿ ಬಂದಿತು. ಅದರಲ್ಲಿ ದರೋಡೆಗಾರ ಮಕ್‌ಹೀತನು ನೇಣಿಗೇರುವ ಹೊತ್ತಿಗೆ ನಟನೊಬ್ಬನು ಬಂದು, ಸಂಗೀತ ನಾಟಕವು ಸುಖಾಂತವಾಗಿರಬೇಕೆಂದು ಕವಿಯೊಡನೆ ವಾದಿಸುತ್ತಾನೆ. ಊರಿನ ಅಭಿರುಚಿಗೆ ತಲೆಬಾಗಿ ಕವಿ ಕ್ಷಮಾದಾನವನ್ನು ಕೊಡಿಸುತ್ತಾನೆ. ಹಗ್ಗ ತೊಲೆಗಳನ್ನು ಮರೆಮಾಡದೆ ಪ್ರೇಕ್ಷಕರ ಕಣ್ಣಮುಂದೆಯೇ ತಂದಿಟ್ಟ ಈ ಉಪಾಯವನ್ನೇ ಜರ್ಮನಿಯ ಬ್ರೆಕ್ಟ್ ೧೯೨೮ರಲ್ಲಿ ಅದೇ ಕಥೆಯ ತನ್ನ ರೂಪಾಂತರದಲ್ಲಿ ಮತ್ತಷ್ಟು ಹರಿತಗೊಳಿಸಿದನು. ಫೀಲ್ಡಿಂಗ್ ತನ್ನ ೧೭೪೯ರ ‘ಟಾಮ್ ಜೋನ್ಸ್’ ಕಾದಂಬರಿಯ ನಡುವೆ ಹೊರೇಸನ ವಿಧಿಯನ್ನು ಪ್ರಸ್ತಾಪಿಸಿ, ನಾಯಕನು ಸೆರೆಮನೆಯಲ್ಲಿ ಬಿದ್ದಿರುವಾಗ, ಅವನ ಉದ್ಧಾರಕ್ಕೆ ಅತಿಮಾನುಷ ಶಕ್ತಿಯನ್ನು ಕರೆಯುವುದಿಲ್ಲವೆಂದು ವಾಚಕನಿಗೆ ಮಾತು ಕೊಡುತ್ತಾನೆ.

ಷೇಕ್ಸ್‌ಪಿಯರನ ‘ಸಿಂಬೆಲಿನ್’ ನಾಟಕವನ್ನು ಕುರಿತ ಮಾತಿನಲ್ಲಿಯೂ ಈ ನುಡಿ ಕೇಳಿಬರುತ್ತದೆ. ಅಲ್ಲಿ ಜೂಪಿಟರ್ ಗುಡುಗು ಮಿಂಚುಗಳ ನಡುವೆ ಹದ್ದನ್ನೇರಿ ಸೆರೆಮನೆಗೆ ಇಳಿಯುತ್ತಾನೆಂಬುದು ನಿಜ. ಆದರೆ ಅವನು ಸೆರೆಯಾಳನ್ನು ಬಿಡಿಸುವುದಿಲ್ಲ. ಒಗಟಿನಂಥ ಬರೆಹವೊಂದನ್ನು ಅವನ ಎದೆಯ ಮೇಲೆ ಇರಿಸುವಂತೆ ಕೊಟ್ಟು ಮರೆಯಾಗುತ್ತಾನೆ. ತೊಡಕುಗಳೆಲ್ಲವೂ ಬಿಚ್ಚಿಕೊಳ್ಳುವುದು ಕೊನೆಯ ದೃಶ್ಯದಲ್ಲಿ, ಮನುಷ್ಯರು ಒಬ್ಬರಾದ ಮೇಲೊಬ್ಬರು ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದರಿಂದ. ಇಲ್ಲಿ ಯಂತ್ರವೂ ಇದೆ, ದೇವತೆಯೂ ಇದ್ದಾನೆ, ಇಲ್ಲದಿರುವುದು ದೋಷವೊಂದೇ.

೬

ಇಪ್ಪತ್ತನೆಯ ಶತಮಾನದಿಂದೀಚೆಗೆ ಈ ನುಡಿ ಕಾದಂಬರಿ, ಚಲನಚಿತ್ರ, ರಾಜಕೀಯ, ಹಣಕಾಸು ಎಲ್ಲೆಡೆಯೂ ಹರಡಿದೆ. ಈ ಬಳಕೆಯಲ್ಲಿ ಒಂದು ವಿಲಕ್ಷಣವಾದ ಪಕ್ಷಪಾತವಿದೆ. ಹಠಾತ್ತಾಗಿ ಬಂದ ಸುಖವನ್ನು ಮಾತ್ರ ಇಂಗ್ಲಿಷರು ಈ ಹೆಸರಿನಿಂದ ಕರೆಯುತ್ತಾರೆ. ಹಠಾತ್ತಾಗಿ ಬಂದ ದುಃಖವನ್ನು ಕರೆಯುವುದು ವಿರಳ. ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದಲ್ಲಿ ಪತ್ರವನ್ನೊಯ್ಯುತ್ತಿದ್ದ ಸಂನ್ಯಾಸಿಯನ್ನು ಸಾಂಕ್ರಾಮಿಕ ರೋಗದ ಭೀತಿಯಿಂದ ಮನೆಯೊಂದರಲ್ಲಿ ಕೂಡಿಹಾಕಿದ್ದರಿಂದ ಪ್ರೇಮಿಗಳಿಬ್ಬರೂ ಸಾಯುತ್ತಾರೆ. ಹಾರ್ಡಿಯ ೧೮೯೧ರ ‘ಟೆಸ್’ ಕಾದಂಬರಿಯಲ್ಲಿ ಬಾಗಿಲ ಕೆಳಗೆ ತೂರಿಸಿದ ಪತ್ರವು ಜಮಖಾನದಡಿಗೆ ಸರಿದು ಯಾರ ಕಣ್ಣಿಗೂ ಬೀಳದೆ ಹೋದುದರಿಂದ ನಾಯಿಕೆಯ ಬಾಳು ಕೆಡುತ್ತದೆ. ಇವೆರಡೂ ಕಥೆಯ ಬೇರಿನಿಂದ ಹುಟ್ಟಿದುವಲ್ಲ. ಆದರೂ ಇವನ್ನು ವಿಧಿಯೆಂದು ಗೌರವಿಸುವ ವಾಚಕನು, ಇಂಥದೇ ಆಕಸ್ಮಿಕದಿಂದ ಆ ಪತ್ರ ಸೇರಬೇಕಾದವರಿಗೆ ಸೇರಿ ಕಥೆ ಸುಖಾಂತವಾದರೆ ‘ಯಂತ್ರದ ದೇವತೆ’ ಎಂದು ಮೂಗು ಮುರಿಯುತ್ತಾನೆ. ಆಕಸ್ಮಿಕವು ಕೆಡಿಸಿದರೆ ಗಂಭೀರ, ಉಳಿಸಿದರೆ ಹಗುರ ಎಂಬ ಈ ನಂಬಿಕೆಗೆ ಅರಿಸ್ಟಾಟಲನಲ್ಲಿ ಆಧಾರವಿಲ್ಲ. ಮೀಡಿಯಾಳ ರಥವು ಯಾರಿಗೆ ಸುಖವನ್ನು ತಂದಿತು?

ಇನ್ನೊಂದು ಉದಾಹರಣೆ ಗೋಲ್ಡಿಂಗನ ೧೯೫೪ರ ಕಾದಂಬರಿ ‘ಲಾರ್ಡ್ ಆಫ್ ದಿ ಫ್ಲೈಸ್’. ನಿರ್ಜನ ದ್ವೀಪದಲ್ಲಿ ಸಿಕ್ಕ ಹುಡುಗರು ಕ್ರಮೇಣ ಕ್ರೂರರಾಗಿ, ತಮ್ಮಲ್ಲೊಬ್ಬನಾದ ರಾಲ್ಫನನ್ನು ಬೇಟೆಯಾಡುತ್ತಿರುವಾಗ ನೌಕಾಪಡೆಯ ಅಧಿಕಾರಿಯೊಬ್ಬನು ದಡದಲ್ಲಿ ಪ್ರತ್ಯಕ್ಷನಾಗುತ್ತಾನೆ. ಇದನ್ನು ಈ ಲ್ಯಾಟಿನ್ ನುಡಿಯಿಂದ ಗುರುತಿಸುವುದು ರೂಢಿಯಾಗಿಹೋಗಿದೆ. ಆದರೆ ಅವನನ್ನು ಕರೆತಂದುದು ಹೊಗೆ. ಆ ಹೊಗೆ ಎದ್ದುದು ರಾಲ್ಫನನ್ನು ಹೊರಗೆಡವಲು ಬೇಟೆಗಾರ ಹುಡುಗರು ಕಾಡಿಗಿಟ್ಟ ಬೆಂಕಿಯಿಂದ. ರಕ್ಷಣೆಗೆಂದು ಹೊತ್ತಿಸಿದ ಬೆಂಕಿ ಯಾರನ್ನೂ ಕರೆತರಲಿಲ್ಲ, ಕೊಲೆಗೆಂದು ಹೊತ್ತಿಸಿದ ಬೆಂಕಿ ರಕ್ಷಕನನ್ನು ಕರೆತಂದಿತು. ಆ ರಕ್ಷಕನು ಬಂದದ್ದು ಯುದ್ಧನೌಕೆಯಿಂದ. ದೊಡ್ಡವರ ಲೋಕದಲ್ಲಿಯೂ ಅದೇ ಬೇಟೆ ನಡೆದಿದೆ. ಅರಿಸ್ಟಾಟಲನ ಪ್ರಶ್ನೆಗೆ ಇಲ್ಲಿ ಪೂರ್ಣವಾದ ಉತ್ತರವಿದೆ. ಹೆಸರೊಂದು ದೊರೆತುದರಿಂದ ಪ್ರಶ್ನೆಯನ್ನೇ ಕೇಳದೆ ಬಿಟ್ಟರು.

೭

ಈ ವಿಚಾರವು ಕನ್ನಡಿಗರಿಗೆ ಕೇವಲ ಪರಭಾಷೆಯ ಸಂಗತಿಯಲ್ಲ. ಬಿ. ಎಂ. ಶ್ರೀಕಂಠಯ್ಯನವರು ೧೯೨೯ರಲ್ಲಿ ಸಾಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಎಂಬ ರುದ್ರನಾಟಕವಾಗಿ ರೂಪಾಂತರಿಸಿದಂದಿನಿಂದ ಗ್ರೀಕ್ ನಾಟಕದ ಅಳತೆಗೋಲುಗಳು ಕನ್ನಡ ವಿಮರ್ಶೆಯೊಳಗೆ ಪ್ರವೇಶಿಸಿವೆ. ಅವುಗಳೊಡನೆ ಇಂಗ್ಲಿಷಿನ ಮೂಲಕ ಬಂದ ಈ ನುಡಿಯೂ ಇದೆ. ಅದನ್ನು ಸಂಸ್ಕೃತ ನಾಟಕಗಳಿಗೆ ಅನ್ವಯಿಸುವಾಗ ಎಚ್ಚರಿಕೆ ಅತ್ಯವಶ್ಯಕ.

ಹರ್ಷನ ‘ನಾಗಾನಂದ’ವನ್ನು ತೆಗೆದುಕೊಳ್ಳಬಹುದು. ಶಂಖಚೂಡನೆಂಬ ನಾಗನಿಗೆ ಬದಲಾಗಿ ತನ್ನ ದೇಹವನ್ನು ಗರುಡನಿಗೊಪ್ಪಿಸಿ ಜೀಮೂತವಾಹನನು ಮಡಿಯುತ್ತಾನೆ; ಐದನೆಯ ಅಂಕದ ಕೊನೆಯಲ್ಲಿ ಗೌರಿ ಪ್ರತ್ಯಕ್ಷಳಾಗಿ ಅವನನ್ನು ಬದುಕಿಸುತ್ತಾಳೆ. ಮೇಲುನೋಟಕ್ಕೆ ಯಂತ್ರದ ದೇವತೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡವೆನ್ನಿಸುತ್ತದೆ. ಆದರೆ ಮೊದಲನೆಯ ಅಂಕದಲ್ಲಿಯೇ ಮಲಯವತಿ ಗೌರಿಯ ಗುಡಿಯಲ್ಲಿ ವೀಣೆಯನ್ನು ನುಡಿಸುತ್ತ ಕುಳ್ಳಿರುತ್ತಾಳೆ. ವಿದ್ಯಾಧರ ಚಕ್ರವರ್ತಿಯು ಪತಿಯಾಗುವನೆಂದು ದೇವಿ ಸ್ವಪ್ನದಲ್ಲಿ ವರವಿತ್ತ ಸಂಗತಿ ಅಲ್ಲಿ ಹೇಳಲ್ಪಟ್ಟಿದೆ. ಪತಿಯು ಚಕ್ರವರ್ತಿಯಾಗುವ ಮುನ್ನವೇ ಸತ್ತುಬಿದ್ದಾಗ ಮಲಯವತಿ ಮೊರೆಯಿಡುವುದು ಆ ವರವನ್ನು ಹಿಡಿದೇ. ದೇವಿಯ ಮಾತು ಸುಳ್ಳಾಯಿತೆಂಬುದೇ ಅವಳ ಆಕ್ಷೇಪ. ಆಗ ಗೌರಿ ಬರುತ್ತಾಳೆ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಬಂದವಳು ಹೊರಗಿನವಳಲ್ಲ. ಅರಿಸ್ಟಾಟಲ್ ಕೇಳಿದ ಬೇರೂ ಇಲ್ಲಿದೆ; ಪರಾರ್ಥವಾಗಿ ಪ್ರಾಣವಿತ್ತವನ ಮರಣವಾದುದರಿಂದ ಹೊರೇಸ್ ಕೇಳಿದ ಯೋಗ್ಯವಾದ ಗಂಟೂ ಇಲ್ಲಿದೆ. ‘ಶಾಕುಂತಲ’ದ ಮಾತಲಿಯ ರಥಕ್ಕೂ ಇದೇ ನ್ಯಾಯ. ರಾಜನ ನೆನಪನ್ನು ಮರಳಿಸಿದುದು ಆ ರಥವಲ್ಲ. ನಾಲ್ಕನೆಯ ಅಂಕದಲ್ಲಿ ಶಾಪದೊಡನೆಯೇ ಹೇಳಲ್ಪಟ್ಟ ಉಂಗುರದ ಗುರುತು.

ಭಾರತೀಯ ಲಾಕ್ಷಣಿಕರಿಗೆ ಈ ಸಮಸ್ಯೆ ಹೊಸದಲ್ಲ. ನಿರ್ವಹಣಸಂಧಿಯಲ್ಲಿ ಅದ್ಭುತರಸವಿರಬೇಕೆಂದು ನಾಟ್ಯಶಾಸ್ತ್ರವು ವಿಧಿಸುತ್ತದೆ. ಅದ್ಭುತದ ಪ್ರಾಪ್ತಿಯನ್ನು ‘ಉಪಗೂಹನ’ವೆಂದು ಆ ಸಂಧಿಯ ಅಂಗಗಳಲ್ಲಿ ಎಣಿಸುತ್ತದೆ. ಇಷ್ಟನ್ನೇ ಓದಿದವರು ಭಾರತೀಯ ನಾಟಕವು ಯಂತ್ರದ ದೇವತೆಯನ್ನು ನಿಯಮವಾಗಿಯೇ ಮಾಡಿಕೊಂಡಿತೆಂದು ಹೇಳಿಯಾರು. ಆದರೆ ಅದೇ ಶಾಸ್ತ್ರವು ಮುಖಸಂಧಿಯಲ್ಲಿ ಬಿತ್ತಿದ ಬೀಜವು ನಿರ್ವಹಣದಲ್ಲಿ ಫಲವಾಗಿ ಕೂಡಿಬರಬೇಕೆಂದೂ ವಿಧಿಸುತ್ತದೆ. ಎರಡು ವಿಧಿಗಳನ್ನೂ ಕೂಡಿಸಿ ಓದಿದರೆ ಅಭಿಪ್ರಾಯವು ಸ್ಪಷ್ಟ: ಕೊನೆಯು ಅದ್ಭುತವಾಗಿರಲಿ, ಆದರೆ ಆ ಅದ್ಭುತಕ್ಕೆ ಬೀಜವಿರಲಿ. ಬೆರಗೂ ಕಾರಣವೂ ಪರಸ್ಪರ ವಿರೋಧಿಗಳೆಂದು ಭಾರತೀಯರು ಭಾವಿಸಲಿಲ್ಲ.

ಕೊನೆಯದಾಗಿ ಅನುವಾದದ ಪ್ರಶ್ನೆ. ಈ ನುಡಿಯನ್ನು ‘ಯಂತ್ರದೇವತೆ’ ಎಂದು ಕನ್ನಡಿಸಿದರೆ ಅರ್ಥವೇ ಪಲ್ಲಟವಾಗುತ್ತದೆ. ಕನ್ನಡದಲ್ಲಿ ಯಂತ್ರವೆಂದರೆ ಗಾಣ, ರಾಟೆ, ಎಂಜಿನುಗಳು ಮಾತ್ರವಲ್ಲ. ತಗಡಿನ ಮೇಲೆ ಬರೆದು ಪೂಜಿಸುವ ಚಕ್ರವೂ ಯಂತ್ರವೇ. ‘ಯಂತ್ರದೇವತೆ’ ಎಂದಾಗ ಸಾಮಾನ್ಯ ವಾಚಕನಿಗೆ ಹೊಳೆಯುವುದು ಶ್ರೀಚಕ್ರದ ಅಧಿದೇವತೆಯೇ ಹೊರತು ಅಥೆನ್ಸಿನ ತೊಲೆಯಲ್ಲ. ‘ಅವತಾರ’ವೆನ್ನುವುದಂತೂ ದೂಷಣೆಯ ಅರ್ಥವನ್ನು ಪೂರ್ಣವಾಗಿ ಅಳಿಸಿಹಾಕುತ್ತದೆ. ಇಂಗ್ಲಿಷಿನವರು ಒಂದೇ ನುಡಿಯಲ್ಲಿ ಬೆರಸಿಬಿಟ್ಟ ಎರಡು ಅರ್ಥಗಳಿಗೆ ಕನ್ನಡದಲ್ಲಿ ಎರಡು ಬೇರೆ ಶಬ್ದಗಳಿರುವುದು ಲೇಸು. ರಂಗಸಲಕರಣೆಯ ವರ್ಣನೆಗೆ ‘ಯಂತ್ರಾವತರಣ’ವೆಂದೂ, ಕಥೆಯಲ್ಲಿ ಬೇರಿಲ್ಲದ ಮುಕ್ತಾಯವೆಂಬ ದೋಷಕ್ಕೆ ‘ಅಬೀಜನಿರ್ವಹಣ’ವೆಂದೂ ಹೇಳಬಹುದು. ಆಗ ಅಥೀನಾಳ ಪ್ರವೇಶವು ಯಂತ್ರಾವತರಣವಾದರೂ ಅಬೀಜನಿರ್ವಹಣವಲ್ಲವೆಂದು ಹೇಳುವುದು ಸಾಧ್ಯವಾಗುತ್ತದೆ. ಯಾವ ದೇವತೆಯೂ ಇಲ್ಲದೆ, ಉಯಿಲು, ಲಾಟರಿ, ಕಳೆದುಹೋದ ಅಣ್ಣ ಇವುಗಳಿಂದ ಮುಗಿಯುವ ಸಾಮಾಜಿಕ ಕಾದಂಬರಿಯ ದೋಷವನ್ನು ಹೆಸರಿಸುವುದೂ ಸಾಧ್ಯವಾಗುತ್ತದೆ. ದೇವತೆ ಬಂದಳೆ ಎಂದು ಕೇಳುವುದನ್ನು ಬಿಟ್ಟು, ಬೀಜವಿತ್ತೆ ಎಂದು ಕೇಳುವ ಅಭ್ಯಾಸವಾದರೆ, ಹಳೆಯ ನಾಟಕಗಳಿಗೆ ನ್ಯಾಯ ದೊರೆಯುವುದು. ಹೊಸ ಕಥೆಗಳು ಅನರ್ಹವಾದ ವಿನಾಯಿತಿಯನ್ನು ಪಡೆಯಲಾರವು.